ಸದ್ದಿಲ್ಲದ ಕಂಪ್ಯೂಟರಿನ ಕರಡು ಪ್ರತಿ

೧

ಎಲ್ಲಿಂದ ಶುರು ಮಾಡುವುದು ಹೇಳಿ. ಕಾಶಿ ಎಂದಕೂಡಲೇ ನೀವು ಗಂಗೆ, ಮೆಟ್ಟಿಲು, ಹೊಗೆ, ದೂರದಲ್ಲೊಂದು ದೋಣಿ ಎಂದು ಕಾಯುತ್ತಾ ಕೂತಿರುತ್ತೀರಿ. ನನ್ನ ಹತ್ತಿರ ಇರುವುದು ಒಂದು ರೇಡಿಯೇಟರ್. ಲಾರಿಯದಲ್ಲ, ಕಂಪ್ಯೂಟರಿನದು.

ಮೊದಲ ಕರಡು ಹೀಗೆ ಶುರುವಾಗಿತ್ತು: ‘ಗಂಡ ತೀರಿಕೊಂಡ ಮೇಲೆ ಹರಿಪ್ರಿಯಾ...’

“ಅಳಿಸಿ,” ಎಂದಳು ಹರಿಪ್ರಿಯಾ.

(ಪಾತ್ರಗಳು ಇಷ್ಟು ಬೇಗ ಬಾಯಿ ತೆರೆಯಬಾರದು. ಕಡೇಪಕ್ಷ ಒಂದು ಪುಟವಾದರೂ ಲೇಖಕಿಗೆ ಮರ್ಯಾದೆ ಕೊಡಬೇಕು.)

“ಆ ಒಂದು ವಾಕ್ಯ ಓದಿದವರು ಆಮೇಲೆ ಕಥೆ ಓದಲ್ಲ, ನನ್ನ ಹಣೆ ನೋಡ್ತಾರೆ. ಕ್ಯಾಬಿನೆಟ್ಟಿಂದ ಶುರು ಮಾಡಿ.”

“ಆದರೆ ಅದನ್ನು ಎಲ್ಲಾದರೂ ಹೇಳಲೇಬೇಕಲ್ಲ?”

“ಮಧ್ಯೆ ಎಲ್ಲಾದರೂ ಹೇಳಿ. ಸಣ್ಣದಾಗಿ.”

೨

ಸರಿ. ಕ್ಯಾಬಿನೆಟ್.

ವಿಶ್ವನಾಥ ಗಲ್ಲಿಯ ಹಿಂದಿನ ಮನೆಯೊಂದರ ಮಹಡಿಯ ಕೋಣೆಯಲ್ಲಿ ಕೂತು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹರಿಪ್ರಿಯಾ ಒಂದು ಪೆಟ್ಟಿಗೆಯ ಚಿತ್ರ ಬರೆದಳು. ಪೆಟ್ಟಿಗೆಯೊಳಗೆ ಬಿಸಿಯಾಗುವ ಎರಡು ಜಾಗ: ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು. ಗಾಜಿನ ಸಣ್ಣ ತೊಟ್ಟಿಯಿಂದ ಪಂಪು ನೀರನ್ನು ತಳ್ಳುತ್ತದೆ. ನೀರು ಆ ಎರಡರ ಮೇಲೂ ಹಾದು, ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗಿ ಇಳಿಸಿ, ತಣ್ಣಗಾಗಿ ಮತ್ತೆ ತೊಟ್ಟಿಗೇ ಬರುತ್ತದೆ. (ಹುಟ್ಟು-ಸಾವಿನ ರೂಪಕಕ್ಕೆ ಒಳ್ಳೆಯ ಜಾಗ. ಬಳಸುವುದಿಲ್ಲ. ಈ ಊರಿನಲ್ಲಿ ಆ ರೂಪಕಕ್ಕೆ ಈಗಾಗಲೇ ವಿಪರೀತ ದುಡಿಮೆ.) ಇದರ ಲಾಭ ಇಷ್ಟೇ: ಪುಟ್ಟ ಫ್ಯಾನುಗಳು ಪ್ರಾಣ ಹೋಗುವ ಹಾಗೆ ಅರಚಬೇಕಿಲ್ಲ. ದೊಡ್ಡ ಫ್ಯಾನುಗಳು ನಿಧಾನವಾಗಿ ತಿರುಗಿದರೆ ಸಾಕು. ಸದ್ದೇ ಇಲ್ಲ.

ನೀವು ಕೇಳಬಹುದು: ಕಾಶಿಯಲ್ಲಿ ಸದ್ದಿಲ್ಲದ ಕಂಪ್ಯೂಟರೇ? ಗಂಟೆ, ಜಾಗಟೆ, ಸ್ಕೂಟರಿನ ಹಾರ್ನು, ಕೋತಿಗಳ ಜಗಳ, ಇಷ್ಟರ ನಡುವೆ ಒಂದು ಫ್ಯಾನು ಯಾರ ಕಿವಿಗೆ ಬೀಳುತ್ತದೆ?

ಕೆಳಗಿನ ಮನೆಗೆ ಬೀಳುತ್ತದೆ. ಅವಳ ಮಾವ ಬದರೀನಾರಾಯಣಾಚಾರ್ಯರು ಕರ್ನಾಟಕದಿಂದ ಬರುವವರಿಗೆ ಅಪರಕರ್ಮ ಮಾಡಿಸುವವರು. ಕೆಳಗಿನ ಕೋಣೆಗಳು ಆ ಯಾತ್ರಿಕರಿಗೆ. ಮಣಿಕರ್ಣಿಕೆಯಿಂದ ಒದ್ದೆ ಬಟ್ಟೆಯಲ್ಲಿ ಬಂದವರು ಮಾತಿಲ್ಲದೆ ಕೂತಿರುತ್ತಾರೆ. ಮಾತಿಲ್ಲದವರಿಗೆ ಎಲ್ಲ ಸದ್ದೂ ಕೇಳಿಸುತ್ತದೆ. ಒಂದು ಬೆಳಿಗ್ಗೆ ಗದಗಿನ ಹೆಂಗಸೊಬ್ಬರು ಕಾಫಿ ಲೋಟ ಹಿಡಿದುಕೊಂಡು, “ಮ್ಯಾಲೆ ಯಾರ್ರೀ ಆಚಾರ್ರ, ಹಗಲಿಲ್ಲ ರಾತ್ರಿಲ್ಲ ಗ್ರೈಂಡರ್ ಹಚ್ಚೋರು?” ಎಂದು ಕೇಳಿಬಿಟ್ಟರು.

ಗ್ರೈಂಡರಲ್ಲ. ಹರಿಪ್ರಿಯಾಳ ಹಳೆಯ ಲ್ಯಾಪ್‌ಟಾಪು. ಆಟ ಶುರುವಾಯಿತೆಂದರೆ ಅದರ ಫ್ಯಾನು ಗೊರಗೊರ ಎನ್ನುತ್ತಿತ್ತು.

ಆಚಾರ್ಯರು ಬೈಯಲಿಲ್ಲ. “ಆಡು ಮಗು, ಬೇಡ ಅನ್ನಲ್ಲ. ಕೆಳಗೆ ದುಃಖದಲ್ಲಿರೋರು ಇರ್ತಾರೆ. ಸದ್ದು ಕೇಳಬಾರದು, ಅಷ್ಟೇ,” ಎಂದರು. ಕೇಳಿಸಿದರೆ ಆಟ ನಿಲ್ಲಬೇಕು ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

೩

ಈ ಜಾಗದಲ್ಲಿ ನಾನು ಅವಳಿಗೊಂದು ಒಳ್ಳೆಯ ಆಟ ಕೊಡಲು ನೋಡಿದೆ. ತೋಟ ಮಾಡುವುದು, ಟೊಮೆಟೊ ಬೆಳೆಯುವುದು, ಪಕ್ಕದ ಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ ಮಾರುವುದು. ಅವಳ ಸ್ಥಿತಿಗೆ ಹೊಂದುತ್ತದೆ.

“ನನ್ನ ಸ್ಥಿತಿ ಏನು?”

“ಅಲ್ಲ, ಸುಮ್ಮನೆ...”

“ನಾನು ರಾಕ್ಷಸರನ್ನ ಹೊಡೀತೀನಿ. ಬಂದೂಕಲ್ಲಿ. ಹಾಗೇ ಬರೀರಿ.”

ಬರೆದಿದ್ದೇನೆ. ದಿನದ ಉಳಿದ ಹೊತ್ತೆಲ್ಲ ಅವಳ ಕೈಕಾಲು ಬೇರೆ ಯಾರದೋ ಎಂಬಂತೆ ಕೆಲಸ ಮಾಡುತ್ತಿದ್ದವು. ಅಕ್ಕಿ ತೊಳೆಯುತ್ತಿದ್ದವು, ಹಾಸಿಗೆ ಸುತ್ತುತ್ತಿದ್ದವು, ಕರೆದರೆ ‘ಬಂದೆ’ ಎನ್ನುತ್ತಿದ್ದವು. ರಾಕ್ಷಸ ಮೂಲೆಯಿಂದ ನೆಗೆದಾಗ ಮಾತ್ರ ಎದೆ ಡವಗುಟ್ಟುತ್ತಿತ್ತು. ಅದು ತನ್ನದೇ ಎದೆ ಎಂದು ಅವಳಿಗೆ ಗುರುತು ಸಿಗುತ್ತಿತ್ತು. ಇದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಕಥೆಯಲ್ಲಿ ಪಣಕ್ಕಿಟ್ಟಿರುವುದು ಇಷ್ಟೇ; ಕಡಿಮೆಯೆನಿಸಿದರೆ ಬೇರೆ ಕಥೆ ಓದಬಹುದು.

೫

(ನಾಲ್ಕನ್ನು ತೆಗೆದೆ. ಅದರಲ್ಲಿ ರಘುನಂದನ ಬದುಕಿದ್ದ. ಚೆನ್ನಾಗಿಯೇ ಇತ್ತು, ನಗಿಸುತ್ತಿದ್ದ. ಆದರೆ ಅವನಿದ್ದರೆ ಪೆಟ್ಟಿಗೆಯನ್ನು ಅವನೇ ಜೋಡಿಸಿಬಿಡುತ್ತಾನೆ, ಇವಳಿಗೆ ಕೆಲಸವೇ ಉಳಿಯುವುದಿಲ್ಲ. ರಘುನಂದನ, ಹರಿಪ್ರಿಯಾಳ ಗಂಡ, ಹೋದ ಆಷಾಢದಲ್ಲಿ ತೀರಿಕೊಂಡ. ಸಣ್ಣದಾಗಿ ಹೇಳಿದ್ದೇನೆ.)

ಕಾಶಿಯದೇ ಲಂಕಾ ಬಡಾವಣೆಯಲ್ಲಿ, ಕೋಚಿಂಗ್ ಸೆಂಟರುಗಳ ಕೆಳಗೆ, ಬಬ್ಬನ್ ಭಯ್ಯಾನ ಕಂಪ್ಯೂಟರ್ ಅಂಗಡಿ. ಹರಿಪ್ರಿಯಾ ಕ್ಯಾಲೆಂಡರಿನ ಹಾಳೆಯನ್ನು ಕೌಂಟರಿನ ಮೇಲೆ ಹರಡಿದಳು. ಬಬ್ಬನ್ ಅದನ್ನು ಮೊದಲು ಏಕಾದಶಿಯ ಕಡೆಯಿಂದ ನೋಡಿ, ಆಮೇಲೆ ತಿರುಗಿಸಿದ.

“ಪಾನೀ?” ಎಂದ. “ಕಂಪ್ಯೂಟರ್ ಮೇ? ದೀದಿ, ಬನಾರಸ್ ಮೇ ಪಾನೀ ಕೀ ಕಮೀ ಹೈ ಕ್ಯಾ?”

ಕಾಶಿಯಲ್ಲಿ ನೀರಿಗೇನು ಕೊರತೆಯೇ ಎಂದು. ಬಾಯಿಯಲ್ಲಿ ಪಾನ್ ಇದ್ದದ್ದರಿಂದ ಅವನು ಎಲ್ಲವನ್ನೂ ಮೇಲೆ ನೋಡುತ್ತಲೇ ಹೇಳುತ್ತಿದ್ದ. ಪೆಟ್ಟಿಗೆಯೊಳಗೆ ಯಾವ ಬಣ್ಣದ ಲೈಟು ಬೇಕು ಎಂದು ಕೇಳಿದ. ಲೈಟು ಬೇಡ ಎಂದಳು. ಪಾನ್ ಉಗುಳಿ ಬಂದು ಇನ್ನೊಮ್ಮೆ ಕೇಳಿದ.

“ಲೈಟ್ ನಹೀಂ? ತಬ್ ಗೇಮಿಂಗ್ ಕೈಸಾ? ಭಾಯಿಸಾಬ್ ಕೋ ಸಾಥ್ ಲೇ ಆಯಿಯೇ, ಹಮ್ ಸಮಝಾ ದೇಂಗೇ.”

ಲೈಟಿಲ್ಲದೆ ಅದೆಂಥ ಆಟವಂತೆ, ಯಜಮಾನರನ್ನು ಕರಕೊಂಡು ಬರಬೇಕಂತೆ, ಅವರಿಗೆ ತಿಳಿಸಿ ಹೇಳುತ್ತಾನಂತೆ. ಇಲ್ಲಿ ನಾಯಕಿ ಕಣ್ಣು ತುಂಬಿಕೊಳ್ಳಬೇಕು, ಅಥವಾ ಒಂದು ತೀಕ್ಷ್ಣ ಮಾತು ಆಡಬೇಕು. ಎರಡನ್ನೂ ಬರೆದು ಇಟ್ಟಿದ್ದೆ.

ಹರಿಪ್ರಿಯಾ, “ಅವರಿಗೂ ಲೈಟ್ ಇಷ್ಟವಿರಲಿಲ್ಲ,” ಎಂದು ಹಿಂದಿಯಲ್ಲಿ ಹೇಳಿ ಪಂಪಿನ ಡಬ್ಬಿ ತೋರಿಸೆಂದಳು.

೬

ಈಗ ಅತ್ತೆ ಬರಬೇಕು.

“ಬರ್ತೀನಿ, ಆದರೆ ಬೈಯಲ್ಲ,” ಎಂದರು ತುಳಸಮ್ಮ ಬಾಗಿಲಲ್ಲೇ ನಿಂತು. “ಕಥೆ ಅಂದಕೂಡಲೇ ಅತ್ತೆ ಕೈಗೆ ಸೌಟು ಕೊಟ್ಟು ಕೂಗಾಡಿಸ್ತೀರಿ. ನನಗೆ ಮಂಡಿನೋವು, ಕೂಗೋಕೆ ಆಗಲ್ಲ.”

ಒಪ್ಪಿಕೊಂಡೆ. ಅವರು ಒಳಗೆ ಬಂದು, ನೆಲದ ತುಂಬ ಹರಡಿದ ಕೊಳವೆಗಳ ನಡುವೆ ಜಾಗ ಮಾಡಿಕೊಂಡು ಕೂತರು.

“ಅಲ್ಲವೇ, ನೀರು ಬಿಜಲಿ ಎರಡನ್ನೂ ಒಂದೇ ಡಬ್ಬಿಗೆ ಹಾಕ್ತಾರೇನೇ ಯಾರಾದ್ರೂ?”

“ನೀರು ಪೈಪೊಳಗೇ ಇರತ್ತೆ ಅತ್ತೆ.”

“ನಮ್ಮ ಟಂಕೀ ನೀರೂ ಪೈಪೊಳಗೇ ಇರಬೇಕಿತ್ತು. ಆ ಗೋಡೆ ನೋಡು.”

ಗೋಡೆ ನಿಜಕ್ಕೂ ಪಾಚಿ ಹಿಡಿದು ಹಸಿರಾಗಿತ್ತು. ಆ ಗೋಡೆಯ ಆಚೆ ಬದಿಗೆ ತುಳಸಮ್ಮನ ಮಂಚ.

ಹರಿಪ್ರಿಯಾ ಪಂಪಿನ ಕೆಳಗೆ ಇಡಲು ರಬ್ಬರು ಕತ್ತರಿಸುತ್ತಿದ್ದಳು. ಪಂಪು ಎಷ್ಟೇ ಒಳ್ಳೆಯದಿರಲಿ, ನಡುಗುತ್ತದೆ. ನಡುಕ ಪೆಟ್ಟಿಗೆಗೆ ಹತ್ತಿದರೆ ಪೆಟ್ಟಿಗೆಯೇ ತಮಟೆ. ರಬ್ಬರಿನ ಮೆತ್ತೆ ಕೊಟ್ಟರೆ ನಿಲ್ಲುತ್ತದೆ.

“ಚಪ್ಪಲಿ! ಒಳಗೆ ತಂದ್ಯಾ? ದೇವರ ಮನೆ ಪಕ್ಕದಲ್ಲಿ ಚಪ್ಪ...”

ತುಳಸಮ್ಮ ಅಷ್ಟಕ್ಕೇ ನಿಲ್ಲಿಸಿದರು. ನೀಲಿ ಪಟ್ಟಿಯ ಗಂಡಸಿನ ಚಪ್ಪಲಿ. ಹಿಮ್ಮಡಿ ಒಂದೇ ಕಡೆ ಸವೆದಿತ್ತು.

“ಆ ಕಡೆ ದಪ್ಪ ಇದೆ ನೋಡು. ಅಲ್ಲಿ ಕತ್ತರಿಸು,” ಎಂದರು.

(ಇಲ್ಲಿ ಒಂದು ಪ್ಯಾರಾ ಇತ್ತು.)

೭

ಹೋಳಿ ಹುಣ್ಣಿಮೆಯ ಬೆಳಿಗ್ಗೆ ನೀರು ತುಂಬುವ ಕಾರ್ಯಕ್ರಮ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನು ನೋಡಿ ತುಳಸಮ್ಮ, “ಗಂಗೆ ಬಾಗಿಲಲ್ಲೇ ಇದ್ದಾಳೆ, ನೀನು ನೀರನ್ನ ದುಕಾನಿಂದ ತಂದ್ಯಾ!” ಎಂದು ಮೂಗಿನ ಮೇಲೆ ಬೆರಳಿಟ್ಟರು.

(ಮುಂದೆ ಅತ್ತೆ ಗುಟ್ಟಾಗಿ ಗಂಗಾಜಲ ಸುರಿದುಬಿಡುತ್ತಾರೆ ಎಂದು ಊಹಿಸಿದವರು ಎತ್ತಿದ ಕೈ ಇಳಿಸಿ. ನಾನೂ ಹಾಗೇ ಬರೆದಿದ್ದೆ. ತುಳಸಮ್ಮ ಓದಿ, “ಚಪ್ಪಲಿ ಮೇಲೆ ಕೂರಿಸಿರೋ ಡಬ್ಬಿಗೆ ಗಂಗೆ ಹಾಕೋಷ್ಟು ಬುದ್ಧಿ ಕೆಟ್ಟಿದೆಯಾ ನನಗೆ?” ಎಂದರು. ಹರಿದು ಹಾಕಿದೆ.)

ಹರಿಪ್ರಿಯಾ ಗಾಜಿನ ತೊಟ್ಟಿಯ ಮುಚ್ಚಳ ತಿರುಗಿಸಿ ತೆಗೆದು, ಪುಟ್ಟ ಆಲಿಕೆಯಿಂದ ನೀರು ಹೊಯ್ದಳು. ಗುಳ್ಳೆಗಳು ಹೊರಬರಲು ಪೆಟ್ಟಿಗೆಯನ್ನು ಮಗುವಿನಂತೆ ಅತ್ತಿತ್ತ ವಾಲಿಸಿದಳು. ಮತ್ತೆ ಹೊಯ್ದಳು. ಬೆನ್ನು ಹಿಡಿದುಕೊಂಡಿತು. ಕೊನೆಗೆ ಕೆಳಗೆ ಕಾಗದ ಹಾಸಿ, ಪಂಪಿಗೆ ಮಾತ್ರ ಕರೆಂಟು ಕೊಟ್ಟಳು. ಒಂದು ಇಡೀ ದಿನ ನೀರು ಹೀಗೆ ಸುತ್ತಬೇಕು. ಎಲ್ಲಾದರೂ ಸೋರಿದರೆ ಕಾಗದ ಹೇಳುತ್ತದೆ.

ನೀರು ಸುತ್ತಿತು. ಸದ್ದಿಲ್ಲ. ಅವಳು ಪೆಟ್ಟಿಗೆಗೆ ಕಿವಿ ಹಚ್ಚಿದಳು. ಇಲ್ಲ. ತುಳಸಮ್ಮನೂ ಹಚ್ಚಿದರು.

“ಹೋಗಿಬಿಟ್ಟಿದೆಯೇನೇ?”

“ಓಡ್ತಿದೆ ಅತ್ತೆ. ಅದೇ ಇದರ ಹೆಚ್ಚುಗಾರಿಕೆ.”

“ಹೂಂ,” ಎಂದರು ತುಳಸಮ್ಮ. ಖುಷಿಯಾದಂತೆ ಕಾಣಲಿಲ್ಲ.

ಅವತ್ತು ಸಂಜೆ ಚಂದ್ರಗ್ರಹಣ. ಗ್ರಹಣ ಸ್ನಾನಕ್ಕೆ ಬಂದ ಯಾತ್ರಿಕ ಹೆಂಗಸರನ್ನು ಘಾಟಿಗೆ ಕರಕೊಂಡು ಹೋಗಿ ಬರುವ ಕೆಲಸ ಹರಿಪ್ರಿಯಾಳದು. ಪಂಪನ್ನು ಹಾಗೇ ಬಿಟ್ಟು ಹೊರಟಳು. ಮಂಡಿನೋವಿನ ತುಳಸಮ್ಮ ಮನೆಯಲ್ಲೇ ಉಳಿದರು.

೮

ತಿರುಗಿ ಬಂದಾಗ ಪೆಟ್ಟಿಗೆ ಮಾತಾಡುತ್ತಿತ್ತು.

ಟಿಕ್. ಟಿಕ್‌ಟಿಕ್. ಟಿಕ್.

ಒದ್ದೆ ಸೀರೆಯಲ್ಲೇ ಮಂಡಿಯೂರಿ ಕೂತಳು. ಕಾಗದ ಒಣಗಿಯೇ ಇತ್ತು, ಸೋರಿಲ್ಲ. ಹಾಗಾದರೆ ಪಂಪು ಕೆಟ್ಟಿತೇ? ಮೊಬೈಲಿನ ಬೆಳಕು ಬಿಟ್ಟು ತೊಟ್ಟಿಯನ್ನು ನೋಡಿದಳು. ತಿಳಿನೀರಿನಲ್ಲಿ, ಪಂಪಿನ ಬಾಯಿಗೆ ತುದಿ ಸಿಕ್ಕಿಸಿಕೊಂಡು, ಒಂದು ಎಳೆ ದರ್ಭೆ ನಿಂತಿತ್ತು. ಪಂಪು ತಿರುಗಿದಾಗೆಲ್ಲ ತುದಿ ತಾಗಿ, ಟಿಕ್.

“ಅತ್ತೆ!”

“ಯಾಕೇ, ಬಂದೆ.”

“ಇದಕ್ಕೆ ದರ್ಭೆ ಹಾಕಿದ್ರಾ?”

“ಹಾಕದೆ? ಗ್ರಹಣ ಅಲ್ವೇನೇ. ಕೊಡದ ನೀರಿಗೆ ಹಾಕಿದೆ, ಹಾಲಿಗೆ ಹಾಕಿದೆ, ಉಪ್ಪಿನಕಾಯಿ ಜಾಡಿಗೆ ಹಾಕಿದೆ. ಇದೊಂದು ಬಿಟ್ಟುಹೋಗಿತ್ತು. ದರ್ಭೆ ಹಾಕದಿದ್ರೆ ಗ್ರಹಣ ಬಿಟ್ಟ ಮೇಲೆ ನೀರೆಲ್ಲ ಚೆಲ್ಲಬೇಕು. ಬೆಳಿಗ್ಗೆಯಿಂದ ಬೆನ್ನು ಮುರಕೊಂಡು ತುಂಬಿದ್ದೀಯ, ಪಾಪ, ಚೆಲ್ಲೋ ಹಾಗಾಗದಿರಲಿ ಅಂತ.”

ಹರಿಪ್ರಿಯಾ ಅತ್ತೆಯ ಮುಖ ನೋಡಿದಳು. ಎಳೆದರೆ ತುದಿ ಮುರಿದು ಒಳಗೇ ಉಳಿಯುತ್ತದೆ; ದರ್ಭೆ ತೆಗೆಯಬೇಕಾದರೆ ಪಂಪು ಬಿಚ್ಚಬೇಕು. ಪಂಪು ಬಿಚ್ಚಬೇಕಾದರೆ ನೀರೆಲ್ಲ ಚೆಲ್ಲಬೇಕು. ಇದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ನಕ್ಕಳು. (ನಾನು ನಗಿಸಿದ್ದಲ್ಲ. ಆ ಜಾಗದಲ್ಲಿ ‘ನಿಟ್ಟುಸಿರುಬಿಟ್ಟಳು’ ಎಂದಿತ್ತು.) ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ತುಳಸಮ್ಮ ಏನೆಂದು ತಿಳಿಯದೆ ತಾವೂ ಸ್ವಲ್ಪ ನಕ್ಕರು.

“ಈಗ ಆ ಟಿಕ್‌ಟಿಕ್ ಹೋಗತ್ತಾ?”

“ಪೂರ್ತಿ ಹೋಗತ್ತೆ. ಏನೂ ಕೇಳಲ್ಲ.”

ತುಳಸಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಆ ಹಳೇದಿತ್ತಲ್ಲ, ಗೊರಗೊರ ಅಂತಿತ್ತಲ್ಲ,” ಎಂದರು. “ಅವನು ಹೋದ ಮೇಲೆ ನನ್ನ ಕಿವಿಯೆಲ್ಲ ಈ ಗೋಡೆ ಕಡೆಗೇ. ನೀನು ಅಳಲ್ಲ, ಮಾತಾಡಲ್ಲ. ಒಳಗೆ ಏನು ಮಾಡ್ತೀಯೋ ಅಂತ. ಅದು ಗೊರಗೊರ ಅಂದ್ರೆ, ಸದ್ಯ, ಇದ್ದಾಳೆ ಅಂತ ಕಣ್ಣು ಮುಚ್ತಿದ್ದೆ. ಇದು ನೋಡಿದ್ರೆ ಉಸಿರೇ ಬಿಡಲ್ಲವಲ್ಲೇ.”

೯

ಮುಕ್ತಾಯ ಒಂದು: ಹರಿಪ್ರಿಯಾ ದರ್ಭೆಯನ್ನು ಹಾಗೇ ಬಿಡುತ್ತಾಳೆ. ಟಿಕ್‌ಟಿಕ್ ಕೇಳುತ್ತ ಅತ್ತೆ ಮಲಗುತ್ತಾರೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ.

“ಪಂಪು ಸುಟ್ಟುಹೋಗತ್ತೆ,” ಎಂದಳು ಹರಿಪ್ರಿಯಾ. “ನಿಮಗೆ ಕಣ್ಣೀರು ಬೇಕು ಅಂತ ನಾನು ಪಂಪು ಸುಡಲ್ಲ.”

ಮುಕ್ತಾಯ ಎರಡು: ತುಳಸಮ್ಮ ಮಂಚವನ್ನು ಸೊಸೆಯ ಕೋಣೆಗೇ ತಂದುಕೊಳ್ಳುತ್ತಾರೆ.

“ರಾಕ್ಷಸರ ಜೊತೆಗಾ? ನಾನೊಲ್ಲೆ,” ಎಂದರು ತುಳಸಮ್ಮ.

ಇಬ್ಬರೂ ನನ್ನನ್ನು ನೋಡುತ್ತಿದ್ದಾರೆ. ನನ್ನ ಹತ್ತಿರ ಮೂರನೆಯದಿಲ್ಲ. ಆದ್ದರಿಂದ ಮುಂದಿನದು ನಾನು ಯೋಚಿಸಿದ್ದಲ್ಲ, ನೋಡಿದ್ದು.

೯, ಮತ್ತೊಮ್ಮೆ

ನೀರು ಚೆಲ್ಲಿದ್ದಾಯಿತು, ದರ್ಭೆ ತೆಗೆದದ್ದಾಯಿತು, ಹೊಸ ಕ್ಯಾನು ತಂದದ್ದಾಯಿತು. ಗ್ರಹಣದ ಗದ್ದಲ ಮುಗಿದು ಕೆಳಗಿನ ಕೋಣೆಗಳು ಖಾಲಿಯಾದ ಒಂದು ಸಂಜೆ, ಹರಿಪ್ರಿಯಾ ಪೆಟ್ಟಿಗೆಯನ್ನು ಪೂರ್ತಿಯಾಗಿ ಚಾಲೂ ಮಾಡಿದಳು. ಪರದೆ ಬೆಳಗಿತು. ಸದ್ದಿಲ್ಲ. ಅವಳು ಯೋಜಿಸಿದ ಹಾಗೆಯೇ.

ಗೋಡೆಯ ಹತ್ತಿರದ ಫ್ಯಾನೊಂದನ್ನು ಆರಿಸಿಕೊಂಡಳು. ಪರದೆಯ ಮೇಲೆ ಅದರ ವೇಗದ ಗೆರೆಯಿತ್ತು. ಮೌಸಿನಿಂದ ಎಳೆದರೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಗೋಡೆಯಾಚೆ ಮಂಚದ ಮೇಲೆ ಅತ್ತೆಯನ್ನು ಮಲಗಿಸಿದಳು. ಮೆಟ್ಟಿಲ ಕೆಳಗೆ, ಯಾತ್ರಿಕರು ಕೂರುವ ಜಾಗದಲ್ಲಿ, ಮಾವನನ್ನು ನಿಲ್ಲಿಸಿದಳು. ಗೋಡೆ ದಾಟಬೇಕು, ಮೆಟ್ಟಿಲು ಇಳಿಯಬಾರದು. ಅಷ್ಟೇ ಸದ್ದು.

ಗೆರೆಯನ್ನು ಕೂದಲೆಳೆಯಷ್ಟು ಮೇಲೆಳೆದಳು.

“ಅತ್ತೆ, ಕೇಳತ್ತಾ?”

“ಇಲ್ಲ.”

“ಮಾವಾ?”

“ಇಲ್ಲಿ ಏನೂ ಇಲ್ಲ ಮಗು!” ಆಚಾರ್ಯರ ಸಂಕಲ್ಪ ಹೇಳುವ ಗಂಟಲು. ಸದ್ದಿಲ್ಲದ ಕಂಪ್ಯೂಟರಿಗಾಗಿ ಆ ಮನೆಯಲ್ಲಿ ಅಷ್ಟು ಗಲಾಟೆ ಆಗಿದ್ದು ಎಷ್ಟೋ ಕಾಲದ ಮೇಲೆ.

ಇನ್ನೊಂದು ಕೂದಲೆಳೆ.

“ಈಗ?”

“ಊಹೂಂ.”

“ನಿಜವಾಗಿ?”

“ನಿಜವಾಗಿ ಕಣೇ. ನನ್ನ ಕಿವಿ ನನಗೆ ಗೊತ್ತಿಲ್ವಾ?”

ನನಗೆ ಅನುಮಾನ ಬಂತು. ನಾನಿರುವ ಜಾಗಕ್ಕೇ ಫ್ಯಾನು ಸಣ್ಣಗೆ ಕೇಳಿಸುತ್ತಿದೆ. ಮಂಚದ ಹತ್ತಿರ ಹೋಗಿ ನೋಡಿದೆ: ತುಳಸಮ್ಮ ಕಣ್ಣು ಮುಚ್ಚಿ, ಅಂಗೈಯನ್ನು ಹಸಿರು ಗೋಡೆಗೆ ಒತ್ತಿಟ್ಟುಕೊಂಡು ಮಲಗಿದ್ದಾರೆ. ಕೇಳಿಸುತ್ತಿದೆ ತಾನೇ ಎಂದೆ. “ಶ್! ನೀವು ಸುಮ್ಮನಿರಿ,” ಎಂದರು.

ಸುಮ್ಮನಿದ್ದೇನೆ. ಇಲ್ಲಿಗೆ ನಾನು ಚುಕ್ಕಿ ಇಡಬಹುದು, ಇಡುವುದಿಲ್ಲ. ಗೋಡೆಯ ಈ ಕಡೆ ಹರಿಪ್ರಿಯಾ ಒದ್ದೆಯಾದ ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಮತ್ತೆ ಮೌಸು ಹಿಡಿದಿದ್ದಾಳೆ. ರಾಕ್ಷಸರು ಇನ್ನೂ ಯಾರೂ ಬಂದಿಲ್ಲ. ಎದೆ ಮಾತ್ರ ಆಗಲೇ ಡವಡವ ಎನ್ನುತ್ತಿದೆ.

“ಅತ್ತೆ, ಈಗ?”