ತೊಟ್ಟಿನ ಹೆಪ್ಪು

ತಪ್ಪೆಲ್ಲ ತಾನು ಕೊಟ್ಟ ಒಂದು ಹೋಲಿಕೆಯಿಂದಲೇ ಶುರುವಾಯಿತು ಎಂದು ಭುವನಾ ತನಗೆ ತಾನೇ ಹೇಳಿಕೊಳ್ಳುವುದುಂಟು. ಅದೆಲ್ಲ ಸುಮ್ಮನೆ ಸಮಾಧಾನದ ಮಾತು. ತಪ್ಪು ಅದಕ್ಕಿಂತ ಮೊದಲೇ ಶುರುವಾಗಿತ್ತು. ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ಚಂದ್ರಮೋಹನ್ "ಮನೇಲಿ ಏನ್ ಮಾಡ್ಕೊಂಡವ್ರಮ್ಮ?" ಎಂದು ಕೇಳಿದಾಗ, "ವ್ಯಾಪಾರ ಸರ್" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಳಲ್ಲ, ಅಲ್ಲಿ.

ಎಂಥ ವ್ಯಾಪಾರ ಎಂದು ಹೇಳಲು ನಾಲಿಗೆ ಏಳಲಿಲ್ಲ. ಮಡಕಶಿರದ ಕಡೆಯವರಾದ ಆ ಮ್ಯಾನೇಜರ್ ಆಗ ತಾನೇ "ಈ ಬಜ್ಜಿ ಅಂಗಡಿಯೋರು ಅದೇ ಎಣ್ಣೇನ ಕಾಯ್ಸಿ ಕಾಯ್ಸಿ ಜನಕ್ಕೆ ವಿಷ ಉಣ್ಣಿಸ್ತಾರೆ ಕಣಮ್ಮ" ಎಂದು ಮಾತು ಮುಗಿಸಿದ್ದರು. ರಾಯದುರ್ಗದ ಬಸ್ ನಿಲ್ದಾಣದ ಎದುರು ಮಿರ್ಚಿ ಬಜ್ಜಿ, ಒಗ್ಗರಣೆ ಮಂಡಕ್ಕಿ ಮಾರುವ ಸಣ್ಣಬಸಪ್ಪ ಅವಳ ಮಾವ. ಗಂಡ ಸಿದ್ದರಾಮೇಶ್ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಕಡೆ ಕೆಲಸಕ್ಕಿದ್ದ. ಮದುವೆಯಾಗಿ ಬಂದ ಸೊಸೆಯನ್ನು "ಒಲಿ ಮುಂದ ನಾ ಅದೀನಿ, ನೀ ಓದವ್ವ" ಎಂದು ಕಾಲೇಜಿಗೆ ಕಳಿಸಿ, ಬಿ.ಎಸ್ಸಿ. ಮುಗಿಸುವ ತನಕ ಬಿಡದವರು ಮಾವನೇ. ನೆಂಟರು ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಥವರ ಹೆಸರನ್ನು ನುಂಗಿ ಕೂತಳು.

ಬೊಮ್ಮನಹಾಳ್ ರಸ್ತೆಯಲ್ಲಿ ಊರ ಹೊರಗೆ ಅವಳು ಸೇರಿದ್ದ ಘಟಕದ ಕೆಲಸ ಇಷ್ಟೇ: ಹೋಟೆಲು, ಅಂಗಡಿಗಳಲ್ಲಿ ಕರಿದು ಕಪ್ಪಾದ ಎಣ್ಣೆ ತಂದು ಸೋಸಿ, ಬೆಚ್ಚಗೆ ಮಾಡಿ, ಸ್ಪಿರಿಟ್ಟಿನ ಜೊತೆ ಒಂದಿಷ್ಟು ಕಿಣ್ವ ಸೇರಿಸಿ ಕಲಕುತ್ತ ಬಿಡುವುದು. ಕಿಣ್ವ ತನ್ನ ಪಾಡಿಗೆ ದುಡಿದು ಆ ಹೊಲಸನ್ನು ಡೀಸೆಲ್ ಬದಲು ಎಂಜಿನ್ನಿಗೆ ಹಾಕುವ ಇಂಧನ ಮಾಡುತ್ತದೆ. ಟ್ಯಾಂಕಿನ ಬಿಸಿ ನೋಡಿಕೊಳ್ಳುವುದು ಭುವನಾಳ ಪಾಲಿಗೆ ಬಂದಿತ್ತು. ಮಾವನ ಅಂಗಡಿಯ ಎಣ್ಣೆ ಡಬ್ಬಿಯನ್ನು ಅವಳೇ ದಿನಾ ಹೊತ್ತು ತರುತ್ತಿದ್ದಳು. "ಬಸ್ ಸ್ಟ್ಯಾಂಡ್ ಹತ್ರದ ಅಂಗಡೀದು" ಎಂದರೆ ಮುಂದೆ ಯಾರೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಅವಳು ಅಳುತ್ತ ಮನೆಗೆ ಬಂದಳು. ಬಿಸಿ ಹೆಚ್ಚಾಗಿ ಕಿಣ್ವ ಕೆಟ್ಟು, ಟ್ಯಾಂಕಿನಷ್ಟೂ ಎಣ್ಣೆ ಇದ್ದ ಹಾಗೇ ಉಳಿದಿತ್ತು. ಇನ್ನೊಮ್ಮೆ ಹೀಗಾದರೆ ಕೆಲಸ ಕಾಯಂ ಆಗುವ ಮಾತು ಮರೆತುಬಿಡು ಎಂದಿದ್ದರು ಮ್ಯಾನೇಜರ್.

"ಅದೇನವ್ವ ಅದು, ಅಷ್ಟು ಲಗೂನ ಕೆಡಾಕ?" ಮಾವ ಹಿಟ್ಟಿನ ಕೈ ತೊಳೆದುಕೊಂಡು ಬಂದು ಎದುರು ಕೂತರು.

"ಹೆಪ್ಪು ಇದ್ದಂಗ ಮಾವ. ಹಾಲು ಉಗುರುಬೆಚ್ಚಗಿದ್ರ ಮೊಸರಾಗತೈತಿ. ಕುದಿಯೋ ಹಾಲಿಗೆ ಹಾಕಿದ್ರ ಹೆಪ್ಪು ಸತ್ತು ಹೋಗತೈತಿ. ಇದೂ ಅಷ್ಟ. ಬಾಳ ತುಟ್ಟಿ, ಹೊರಗಿಂದ ತರಸ್ತಾರ."

"ಹೆಪ್ಪು ಅನ್ನು ಮತ್ತ" ಎಂದರು ಮಾವ. ಮುಖ ಅರಳಿತು. ಹೆಪ್ಪೆಂದರೆ ಅವರಿಗೆ ಗೊತ್ತಿಲ್ಲದ್ದೇನು? ಮನೆಯಲ್ಲಿ ಹೆಪ್ಪು ತೀರಿದ ದಿನ ಅತ್ತೆ ದ್ಯಾಮಮ್ಮ ಬೆಚ್ಚಗಿನ ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಡುತ್ತಿದ್ದರು, ಬೆಳಗಾದರೆ ಮೊಸರು. ತೊಟ್ಟಿಗೆ ಅವರ ಅಂಗಡಿಯಲ್ಲಿ ಬರವೇ? ಮಂಡಕ್ಕಿಯ ಒಗ್ಗರಣೆಗೆಂದು ಮುರಿದ ತೊಟ್ಟು ಬುಟ್ಟಿಗಟ್ಟಲೆ ಆಚೆ ಬೀಳುತ್ತಿತ್ತು.

ಸೊಸೆಗೆ ಹೇಳದೆ ಮಾವ ಕರಿದ ಎಣ್ಣೆಗೆ ಒಂದು ಹಿಡಿ ತೊಟ್ಟು ಹಾಕಿ, ಕಂಬಳಿ ಸುತ್ತಿ, ಒಲೆಯ ಮಗ್ಗುಲಲ್ಲಿಟ್ಟು ಕಾದರು. ಕದಲಿಸದೆ ಇಟ್ಟ ಎಣ್ಣೆಯಲ್ಲಿ ಗಸಿ ತಳಕ್ಕೆ ಕೂರುವುದು ಇದ್ದದ್ದೇ, ಮೇಲಿನದು ತಿಳಿಯಾಗುವುದೂ ಇದ್ದದ್ದೇ. ಪಾಪ, ಆ ಜೀವಕ್ಕೆ ಅದು ತೊಟ್ಟಿನ ಮಹಿಮೆಯಾಗಿ ಕಂಡಿತು.

ಒಂದು ದಿನ ಅನಂತಪುರದಿಂದ ಕಂಪನಿಯ ದೊಡ್ಡವರು ಘಟಕ ನೋಡಲು ಬಂದರು. ಅವರು ಮೆಚ್ಚಿ ಹೋದರೆ ಭುವನಾಳ ಕೆಲಸ ಅವತ್ತೇ ಕಾಯಂ. ಇಸ್ತ್ರಿ ಮಾಡಿದ ಸೀರೆಯುಟ್ಟು ಟ್ಯಾಂಕಿನ ಪಕ್ಕ ನಿಂತು, ಕಿಣ್ವ ಹೇಗೆ ಕೆಲಸ ಮಾಡುತ್ತದೆ, ಬಿಸಿ ಯಾಕೆ ಹದ ಮೀರಬಾರದು ಎಂದು ತೆಲುಗಿನಲ್ಲಿ ಅರಳು ಹುರಿದಂತೆ ಹೇಳುತ್ತಿದ್ದಳು. ಚಂದ್ರಮೋಹನ್ ತಲೆದೂಗುತ್ತಿದ್ದರು.

ಆಗ, ಸಾಹೇಬರನ್ನು ಕಾಣಲೇಬೇಕೆಂದು ಗೇಟಿನಲ್ಲಿ ಪಟ್ಟುಹಿಡಿದ ಮಾವನನ್ನು ವಾಚ್‌ಮನ್ ಮಾರೇಶ್ ಒಳಗೆ ಕರೆತಂದ. ಹಣೆ ತುಂಬ ವಿಭೂತಿ, ಎಣ್ಣೆ ಕಲೆಯ ಪಂಚೆ, ಹೆಗಲ ಮೇಲೆ ಟವಲು. ಒಂದು ಕೈಯಲ್ಲಿ ತಿಳಿ ಎಣ್ಣೆಯ ಬಾಟಲಿ, ಇನ್ನೊಂದರಲ್ಲಿ ಉಬ್ಬಿದ ಚೀಲ. ಬಿರಬಿರನೆ ನಡೆದು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದರು.

"ನಮಸ್ಕಾರ್ರಿ ಸಾಹೇಬ್ರ. ನಿಮ್ಮ ಹೆಪ್ಪು ಬಾಳ ತುಟ್ಟಿ ಅಂತಲ್ರಿ. ಅದಕ್ಕ ಇದನ್ನ ತಂದೀನಿ. ಮೆಣಸಿನಕಾಯಿ ತೊಟ್ಟು. ಹಾಲಿಗೆ ಹಿಡೀತೈತಿ, ಎಣ್ಣಿಗೂ ಹಿಡೀತೈತ್ರಿ, ನಾ ಮಾಡಿ ನೋಡೀನಿ. ದಿನಾ ಬೇಕಾದಷ್ಟು ಕೊಡ್ತೀನ್ರಿ, ಪುಕ್ಕಟೆ."

ಅನಂತಪುರದವರು ಚೀಲದೊಳಗೆ ಬಗ್ಗಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮಾರೇಶ್ ನಕ್ಕ. ಭುವನಾಳೂ ನಕ್ಕಳು. ಹೌದು, ಅವಳೂ ನಕ್ಕಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ಅದೂ ಮಾವನ ಮರ್ಯಾದೆ ಹೋಯಿತೆಂದಲ್ಲ, ತನ್ನದು ಹೋಗುತ್ತದೆಂದು.

"ಯಾರಮ್ಮ ಇವ್ರು? ನಿಮ್ಗೆ ಗೊತ್ತಾ?" ಎಂದು ಚಂದ್ರಮೋಹನ್ ಕೇಳಿದರು.

ಮಾವ ನಗುಮುಖದಲ್ಲಿ ಅವಳ ಕಡೆ ತಿರುಗಿ "ನಮ್ಮ..." ಎಂದು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಭುವನಾ ಹೇಳಿಬಿಟ್ಟಳು.

"ಬಸ್ ಸ್ಟ್ಯಾಂಡ್ ಹತ್ರ ಬಜ್ಜಿ ಅಂಗಡಿ ಸರ್. ನಮಗೆ ಎಣ್ಣೆ ಕೊಡೋರು."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಥೂ, ಸುಳ್ಳಾದರೂ ಆಗಿದ್ದರೆ ಆಮೇಲೆ ಬಾಯಿ ತಪ್ಪಿತು ಎನ್ನಬಹುದಿತ್ತು.

ಮಾವ ತೆರೆದ ಬಾಯಿ ಮುಚ್ಚಿದರು. ಬಂದವರನ್ನು ನೋಡಿದರು, ಸೊಸೆಯ ಇಸ್ತ್ರಿ ಸೀರೆ ನೋಡಿದರು, ತಮ್ಮ ಪಂಚೆ ನೋಡಿಕೊಂಡರು. ಅಂಗಡಿ ಮುಂದೆ ನಿಂತವರ ಮುಖ ನೋಡಿಯೇ ಏನು ಬೇಕೆಂದು ತಿಳಿಯುವ ಮನುಷ್ಯ, ಇದು ತಿಳಿಯದೆ ಇರುತ್ತದೆಯೇ?

"ಹೌದ್ರಿ" ಎಂದರು ಮೆಲ್ಲಗೆ. "ಎಣ್ಣಿ ಕೊಡೋನು ನಾ. ಹೆಪ್ಪು ಗಿಪ್ಪು ನನಗೇನು ತಿಳೀತೈತ್ರಿ. ತಪ್ಪಾತು."

ಚೀಲದ ಬಾಯಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಹೊರಡುವಾಗ ಅವಳಿಗೂ ಕೈಮುಗಿದು "ಬರ್ತೀನ್ರಿ ಮೇಡಂ" ಎಂದರು.

ಮಾವ ಸೊಸೆಗೆ ಕೈಮುಗಿದರು. ಸೊಸೆ ತಲೆಯಾಡಿಸಿ ಕಳಿಸಿದಳು.

ಕೆಲಸ ಕಾಯಂ ಆಯಿತು. ಎಲ್ಲರೂ ಶಹಭಾಸ್ ಅಂದರು. ಸಂಜೆ ಕಾಲೆಳೆದುಕೊಂಡು ಅಂಗಡಿಗೆ ಬಂದಾಗ ಮಾವ ಬಾಣಲೆಯ ಮುಂದಿದ್ದರು, ಅತ್ತೆ ಮೆಣಸಿನಕಾಯಿ ಸೀಳುತ್ತ ಕೂತಿದ್ದರು.

"ನಿಮ್ಮ ಮಾವ ನಿಮ್ಮ ಫ್ಯಾಕ್ಟರಿ ತನಕ ಹೋಗಿದ್ರವ್ವ" ಎಂದರು ದ್ಯಾಮಮ್ಮ. "ಗೇಟ್ ಹಾಕಿತ್ತಂತ, ಹಂಗ ವಾಪಸ್ ಬಂದಾರ ನೋಡು."

ಹೆಂಡತಿಗೂ ಹೇಳಿರಲಿಲ್ಲ. ನಾಲ್ಕು ಮಾತು ಬೈದಿದ್ದರೆ, ಮುಖ ತಿರುಗಿಸಿದ್ದರೆ ಭುವನಾಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಕಾಯಂ ಆತೇನವ್ವ?" ಮಾವ ಕೇಳಿದರು.

"ಆತು ಮಾವ."

"ಚಲೋ ಆತು." ಬಜ್ಜಿ ತಿರುವಿಹಾಕುತ್ತ, ಅತ್ತೆಗೆ ಕೇಳದಂತೆ ದನಿ ತಗ್ಗಿಸಿದರು. "ನಾಳಿಂದ ನಮ್ಮ ಡಬ್ಬಿ ನೀ ಒಯ್ಯಬ್ಯಾಡ. ನಿಮ್ಮ ವ್ಯಾನ್ ಬರತೈತಲ್ಲ, ಅದರಾಗ ಕೊಡ್ತೀನಿ. ದಿನಾ ನೀನ ಒಯ್ದರ ಯಾರಿಗರ ಗೊತ್ತಾದೀತು."

ಅವಳ ಗುಟ್ಟನ್ನು ಅವರು ಕಾಯಲು ಹೊರಟಿದ್ದರು. "ಮಾವ, ನಾನು..." ಎಂದಳು. ಬಗ್ಗಿ ಕಾಲು ಹಿಡಿದುಬಿಡಬೇಕು ಅನ್ನಿಸಿತು. ಸುತ್ತ ಗಿರಾಕಿಗಳಿದ್ದರು, ಹಿಡಿಯಲಿಲ್ಲ. ನಾಚಿಕೆಗೇಡಿಗೆ ಅಲ್ಲೂ ನಾಚಿಕೆ.

ಕಲ್ಯಾಣದುರ್ಗದ ಬಸ್ಸಿಳಿದು ಬಂದ ಒಬ್ಬ ಬಜ್ಜಿಯ ಪೊಟ್ಟಣ ತೆಗೆದುಕೊಂಡು, ಒಲೆಯ ಪಕ್ಕ ನಿಂತಿದ್ದ ಅವಳನ್ನೂ ಅವಳ ಕೊರಳಲ್ಲಿದ್ದ ಐಡಿ ಕಾರ್ಡನ್ನೂ ನೋಡಿದ.

"ಯಾರ್ರಿ ಇವರು, ನಿಮ್ಮ ಮನಿ ಮಂದಿ ಏನು?"

ಹೇಳಲೋ ಬೇಡವೋ ಎಂದು ಮಾವ ಅವಳ ಮುಖ ನೋಡಿದರು.