ನಾನು ಅಳಿಸಿದ ನೀಲವ್ವ

ನಾನು ಒಂದು ರಬ್ಬರ್. ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಅಳಿಸುವುದು ನನ್ನ ಕೆಲಸ. ಯಾವುದೋ ಕಾರ್ಖಾನೆಯಲ್ಲಿ ಉದ್ದನೆಯ ಬಿಳಿ ಪಟ್ಟಿಯಾಗಿ ಬಿಸಿಬಿಸಿಯಾಗಿ ಹೊರಬಂದೆ. ಒಂದು ಬ್ಲೇಡು ಮೇಲಿನಿಂದ ಇಳಿದು ಪಟ್ಟಿಯನ್ನು ತುಂಡು ಮಾಡಿತು. ಆ ಗಳಿಗೆಯೇ ನನ್ನ ಹುಟ್ಟು. ಮೈಗೆ ನೀಲಿ ಕಾಗದದ ಅಂಗಿ ತೊಡಿಸಿದರು. ಆಗ ನನ್ನ ಮೂಲೆಗಳೆಲ್ಲ ಚೂಪಾಗಿದ್ದವು.

ಮೈಸೂರಿನ ಒಂದು ಪುಸ್ತಕದಂಗಡಿಯಿಂದ ನನ್ನನ್ನು ಮೊದಲು ಕೊಂಡವರು ಶೇಷಗಿರಿ ಮೇಷ್ಟ್ರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರ ಬಳಿ ನನಗೆ ಹೆಚ್ಚು ಕೆಲಸವಿರಲಿಲ್ಲ. ತಪ್ಪಿದ ಗೆರೆಯನ್ನು ಅವರು ಬಹಳ ಹೊತ್ತು ನೋಡುತ್ತಿದ್ದರು. ಕೊನೆಗೆ, ಬೇಕೆನಿಸಿದರೆ ಮಾತ್ರ, ನನ್ನ ಒಂದು ಮೂಲೆಯನ್ನು ಮೆತ್ತಗೆ ತಾಗಿಸುತ್ತಿದ್ದರು. ಎರಡು ವರ್ಷದಲ್ಲಿ ಅವರ ಕೈ ನಡುಗತೊಡಗಿತು. ಒಂದು ದಿನ ನೋಡಲು ಬಂದ ಹಳೆಯ ಶಿಷ್ಯೆಯ ಅಂಗೈಯಲ್ಲಿ ನನ್ನನ್ನು ಇಟ್ಟರು.

“ಇದು ನನಗಿನ್ನು ಬೇಡಮ್ಮ ವಿನುತಾ. ಈಗ ಕೈಯೇ ಎಲ್ಲಾ ಅಳಿಸ್ತಾ ಇದೆ,” ಎಂದು ನಕ್ಕರು. ಆಮೇಲೆ ನಗದೆ ಹೇಳಿದರು, “ಒಂದು ಮಾತು. ಅಳಿಸೋಕೆ ಮುಂಚೆ ಕೇಳು. ಅಳಿಸಿದ ಮೇಲೆ ಯಾರನ್ನ ಕೇಳಿದ್ರೂ ಅಷ್ಟೇ.”

ವಿನುತಾ ಮನೆಯಲ್ಲೇ ಕೂತು, ಕೇಳಿದವರಿಗೆ ಚಿತ್ರ ಬರೆದುಕೊಡುತ್ತಿದ್ದಳು. ಮನೆಯಲ್ಲಿ ಅವಳು, ಅವಳ ತಾಯಿ ಲಲಿತಮ್ಮ, ಇಬ್ಬರೇ. ಅಡುಗೆಮನೆಯ ಬಾಗಿಲ ಪಕ್ಕದ ಕಿಟಕಿಯ ಕೆಳಗೆ ಅವಳ ಮೇಜು. ಒಗ್ಗರಣೆಯ ಘಾಟು ಬಂದಾಗ ಅವಳು ಕೆಮ್ಮುತ್ತಾ ಬರೆಯುತ್ತಿದ್ದಳು. ಸಂತೋಷದಲ್ಲಿದ್ದಾಗ ನನ್ನನ್ನು ಮರೆತೇಬಿಡುತ್ತಿದ್ದಳು. ಆ ಮರೆವು ನನಗೆ ಇಷ್ಟವಾಗಿತ್ತು.

ಆದರೆ ಬರೆಸುವವರು ಮರೆಯಲು ಬಿಡಲಿಲ್ಲ. ಉಪ್ಪಿನಕಾಯಿ ತಯಾರಿಸುವ ಒಬ್ಬರು ಒಂದೇ ಮಾವಿನಕಾಯಿಯನ್ನು ಹನ್ನೊಂದು ಸಲ ಬರೆಸಿದರು. “ಚೆನ್ನಾಗಿದೆ ಮೇಡಂ, ಆದ್ರೆ ನೋಡಿದ್ರೆ ಹುಳಿ ಅನ್ನಿಸ್ಬೇಕು,” ಎಂದರು. ಕೊನೆಗೆ ಮೊದಲನೆಯದನ್ನೇ ಒಯ್ದರು. ಲಲಿತಮ್ಮ ನಕ್ಕರು, “ಹೋಗ್ಲಿ ಬಿಡೇ, ಅವರ ಹಲ್ಲಿಗೆ ಜುಮ್ಮೆಂದಿರಬೇಕು.” ವಿನುತಾ ನಗಲಿಲ್ಲ. ಅಂದಿನಿಂದ ಅವಳು ಗೆರೆ ಮುಗಿಯುವ ಮೊದಲೇ ನನ್ನ ಕಡೆ ನೋಡುವುದನ್ನು ಕಲಿತಳು. ನನ್ನ ನೀಲಿ ಅಂಗಿ ಹರಿಯಿತು. ಮೂಲೆಗಳು ದುಂಡಾದವು.

“ಇದೊಂದು ಸಲ ನೋಡ್ತೀನಮ್ಮ,” ಎಂದಳು ಒಂದು ಬೆಳಿಗ್ಗೆ. “ಮುಂದೆ ಬರೋ ಕೆಲಸವೂ ಹೀಗೇ ಆದ್ರೆ ಬಿಟ್ಟುಬಿಡ್ತೀನಿ. ಆಸ್ಪತ್ರೇಲಿ ಚೀಟಿ ಬರೆಯೋ ಕೆಲಸ ಇದೆಯಂತೆ. ಅಲ್ಲಿ ಹೆಸರು ವಯಸ್ಸು ಬರೆದ್ರೆ ಮುಗೀತು. ಯಾರೂ ತಿದ್ದು ಅನ್ನಲ್ಲ.”

ಮುಂದೆ ಬಂದದ್ದು ನೀಲವ್ವನ ಮುಖ.

ಅದನ್ನು ತಂದವರು ಈಶ್ವರಗೌಡರು. ರೋಣದ ಕಡೆಯವರು, ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಅವರ ಫೋನಿನಲ್ಲಿ, ಉಗುರಿನಷ್ಟು ಫೋಟೋವನ್ನು ದೊಡ್ಡದು ಮಾಡಿದ ಒಂದು ಮಸುಕು ಚಿತ್ರವಿತ್ತು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸು.

“ನಮ್ಮವ್ವಂದು ಇದೊಂದ ಫೋಟೋ ಐತ್ರಿ ಮೇಡಂ. ಫೋಟೋ ಅಂದ್ರ ಓಡಿಹೋಗಾಕಿ. ಮುಂದಿನ ತಿಂಗಳ ಆಕಿ ಹೋಗಿ ವರ್ಷ ಆಕ್ಕೇತಿ. ಗ್ವಾಡಿಗೆ ದೊಡ್ಡದೊಂದು ಹಾಕೂಣು ಅಂತ ಅಪ್ಪ ಗಂಟುಬಿದ್ದಾನ. ಅವಂಗೂ ಕಣ್ಣು ಮಂಜಾಗ್ಯಾವು.”

ಮರುದಿನ ವಿನುತಾ, ಅವರು ಕಳಿಸಿದ ಫೋಟೋವನ್ನು ತನ್ನ ಫೋನಿನಲ್ಲಿ ಎದುರಿಗಿಟ್ಟುಕೊಂಡು, ಹೊಸ ಚಿತ್ರಪುಸ್ತಕ ತೆರೆದಳು. ಪೆನ್ಸಿಲ್ಲನ್ನು ಒತ್ತಿ ಹಿಡಿದು ಒಂದೇ ಉಸಿರಿಗೆ ಬರೆದಳು. ಎಡಗಣ್ಣು ಬಲಗಣ್ಣಿಗಿಂತ ತುಸು ಸಣ್ಣದು. ತುಟಿಯ ಒಂದು ತುದಿ ಮೇಲಕ್ಕೆ, ಏನೋ ಚೇಷ್ಟೆಯ ಮಾತು ನುಂಗಿಕೊಂಡ ಹಾಗೆ. ತಲೆಯ ಮೇಲಿಂದ ಬಲಹೆಗಲಿಗೆ ಇಳಿದ ಸೆರಗು. ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಆ ಹೆಂಗಸು ಹಾಳೆಯಿಂದ ನಮ್ಮನ್ನು ನೋಡುತ್ತಿದ್ದಳು. ಅಷ್ಟು ಹೊತ್ತೂ ವಿನುತಾ ನನ್ನನ್ನು ಮುಟ್ಟಿರಲಿಲ್ಲ.

ಲಲಿತಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದರು.

“ಜೀವ ಬಂದಿದೆ ಕಣೇ. ಆದ್ರೆ ಸೆರಗು ಯಾರಾದ್ರೂ ಬಲಗಡೆ ಹೊದ್ಕೊಳ್ತಾರಾ?”

ವಿನುತಾ ಫೋನು ನೋಡಿದಳು, ಹಾಳೆ ನೋಡಿದಳು. “ಹೌದಲ್ವಾ? ಫೋಟೋನೇ ಉಲ್ಟಾ ಬಂದಿರಬೇಕು.”

“ಅವರನ್ನೇ ಒಂದು ಮಾತು ಕೇಳು.”

“ಬೇಡಮ್ಮ. ಇಷ್ಟೂ ಗೊತ್ತಿಲ್ವಾ ಇವಳಿಗೆ ಅಂದ್ಕೊಂಡಾರು.”

ಫೋನಿನಲ್ಲಿ ಆ ಫೋಟೋವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿದಳು. ಆಮೇಲೆ ನನ್ನನ್ನು ಎತ್ತಿಕೊಂಡಳು. ಮೊದಲು ಸೆರಗು, ಆಮೇಲೆ ತುಟಿ, ಆಮೇಲೆ ಆ ಸಣ್ಣ ಕಣ್ಣು. ಅಳಿಸಿದ್ದು ನಾನೇ. ಶೇಷಗಿರಿ ಮೇಷ್ಟ್ರ ಮಾತು ಆ ಕೋಣೆಯಲ್ಲಿ ನನ್ನೊಬ್ಬನಿಗೆ ನೆನಪಿತ್ತು. ಆದರೆ ರಬ್ಬರಿಗೆ ಬಾಯಿ ಎಲ್ಲಿಂದ ಬರಬೇಕು? ಅಳಿಸಿದ ಹಾಳೆಯನ್ನು ಅವಳು ಪುಸ್ತಕದಿಂದ ಹರಿದು ಹಲಗೆಗೆ ಸಿಕ್ಕಿಸಿದಳು. ಅದೇ ಹಾಳೆಯ ಮೇಲೆ, ಎಡಸೆರಗಿನ ಹೆಂಗಸನ್ನು ಬರೆದಳು.

ಈಶ್ವರಗೌಡರು ಬಂದು ನೋಡಿದರು. ಹಲಗೆಯನ್ನು ಎತ್ತಿ ಹತ್ತಿರ ಹಿಡಿದು ಮತ್ತೆ ನೋಡಿದರು.

“ಚಿತ್ರ ಛಲೋ ಐತ್ರಿ. ಆದ್ರ ಅವ್ವ ಅನ್ಸವಲ್ದು.”

“ಏನು ಬದಲಾಯಿಸ್ಲಿ ಸಾರ್?”

“ಅದ ತಿಳಿವಲ್ದ್ರಿ. ಕಣ್ಣು ಜರಾ ಸಣ್ಣ ಮಾಡಿ ನೋಡ್ರಿ.”

ಕಣ್ಣು ಸಣ್ಣದಾಯಿತು. ಮೂಗು ಗಿಡ್ಡವಾಯಿತು ಎಂದರು. ಮೂಗು ಬೆಳೆಯಿತು. ಹುಬ್ಬಳ್ಳಿಯಲ್ಲಿರುವ ಅವರ ತಂಗಿ ಫೋನಿನಲ್ಲಿ ಚಿತ್ರ ನೋಡಿ ಮಾತು ಕಳಿಸಿದಳು, “ಅಣ್ಣಾ, ಅವ್ವ ಇಷ್ಟು ಸಿಟ್ಟಿನಾಕಿ ಇದ್ಲೇನು? ಆ ತುಟಿ ನೋಡು.” ತುಟಿ ನೇರವಾಯಿತು. ಹಣೆಗೆ ವಿಭೂತಿ ಬಂತು, ಕೆನ್ನೆಯ ಸುಕ್ಕು ಹೋಯಿತು, ಮತ್ತೆ ಬಂತು. ಗೌಡರು ಕೆಟ್ಟವರಲ್ಲ. ಪ್ರತಿ ಸಲವೂ ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿ ಕೂರುತ್ತಿದ್ದರು. ಐದನೆಯ ಸಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಂಗ ಅವ್ವನ ಮುಖ ಮರ್ತ ಹೋಗಾಕತ್ತೇತೇನೋ ಅಂತ ಅಂಜಿಕಿ ಬರ್ತೇತ್ರಿ ಮೇಡಂ,” ಎಂದರು. ಕಾಲೇಜಿನಲ್ಲಿ, ಬೀದಿಯಲ್ಲಿ, ಮನೆಯಲ್ಲಿ ಹೆಂಡತಿಯ ಹೆಗಲ ಮೇಲೂ ಅವರು ದಿನವೂ ನೋಡುತ್ತಿದ್ದುದು ಎಡಸೆರಗು. ಹಾಗಾಗಿ ಚಿತ್ರದಲ್ಲಿ ಸೆರಗು ಅದಲುಬದಲಾದದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ.

ಆರನೆಯ ಸಲದಿಂದ ವಿನುತಾ ಫೋಟೋ ನೋಡುವುದನ್ನು ಬಿಟ್ಟಳು. ಹೇಳಿದಂತೆ ಅಳಿಸಿದಳು, ಹೇಳಿದಂತೆ ಬರೆದಳು. ಹಾಳೆಯ ಮೈ ಸವೆದು ನುಣುಪಾಗಿ, ಪೆನ್ಸಿಲ್ ಜಾರತೊಡಗಿತು. ನಾನು ಹುಣಸೆ ಬೀಜದಷ್ಟಾದೆ. ಆಮೇಲೆ ಅವಳು ಹಳೆಯ ಪುಸ್ತಕಗಳನ್ನು ತೆರೆದು, ಯಾರೂ ತಿದ್ದು ಎನ್ನದ ತನ್ನ ಚಿತ್ರಗಳನ್ನೂ ಉಜ್ಜಲು ಶುರುಮಾಡಿದಳು. ಅವು ಅವಳು ಕಾಲೇಜಿನಲ್ಲಿದ್ದಾಗ ಬರೆದವು. ಒಂದರಲ್ಲಿ ಅಕ್ಕಿ ಆರಿಸುತ್ತಿದ್ದ ಲಲಿತಮ್ಮ ಇದ್ದರು. ಅವರ ಕೈಯನ್ನು ಅರ್ಧ ಅಳಿಸುವಾಗ ಲಲಿತಮ್ಮ ಬಂದು ನಿಂತರು.

“ಅದ್ಯಾಕೆ ವಿನು?”

“ಬೆರಳು ಸರಿಯಿಲ್ಲಮ್ಮ.”

“ನನ್ನ ಬೆರಳು ಇರೋದೇ ಹಾಗಲ್ವೇನೇ.”

ಅವಳು ಸ್ನಾನಕ್ಕೆ ಹೋದಾಗ ಲಲಿತಮ್ಮ ನನ್ನನ್ನು ತೆಗೆದು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟರು. ಅವಳು ನನ್ನನ್ನು ಹುಡುಕಿದಳು, ಸಿಗಲಿಲ್ಲ, ಬೇರೊಂದು ರಬ್ಬರ್ ತಂದಳು. ಒಂಬತ್ತನೆಯ ಸಲಕ್ಕೆ ಗೌಡರು, “ಇರ್ಲಿ ಬಿಡ್ರಿ, ವರ್ಷದ ದಿನಾ ಬಂತು,” ಎಂದು ಚಿತ್ರವನ್ನು ಸುತ್ತಿಕೊಂಡು ಹೋದದ್ದು ನನಗೆ ಅಡುಗೆಮನೆಗೆ ಕೇಳಿಸಿತು.

ಹತ್ತು ದಿನದ ಮೇಲೆ ಅವರೇ ಮತ್ತೆ ಬಂದರು. ಊರಲ್ಲಿ ಚಿತ್ರ ಬಿಚ್ಚಿದ ಕೂಡಲೇ ನೀಲವ್ವನ ತಂಗಿ ದ್ಯಾಮವ್ವ ಒಂದೇ ನೋಟಕ್ಕೆ ಕೇಳಿದಳಂತೆ, “ಯಾರ ಮನಿ ಹೆಣ್ಮಗಳೋ ಇಕಿ? ನಮ್ಮಕ್ಕ ಸಾಯೂತನಕ ಬಲಸೆರಗು ಬಿಟ್ಟಾಕಿ ಅಲ್ಲ.” ಆ ಕಡೆಯ ಅವರ ಮನೆಗಳಲ್ಲಿ ಹಿಂದಿನ ಹೆಂಗಸರ ಸೆರಗು ಬಲಹೆಗಲಿಗೇ. ಫೋಟೋ ಸರಿಯಾಗಿಯೇ ಇತ್ತು. ಗೌಡರ ತಂದೆ ಚಿತ್ರಕ್ಕೆ ಮುಖ ಹತ್ತಿರ ಒಯ್ದು, ನೋಡಿ, ಆ ಸಣ್ಣ ಫೋಟೋವನ್ನೇ ಇಡಿ ಎಂದರಂತೆ.

“ನಿಮ್ಮ ತಪ್ಪಲ್ರಿ ಮೇಡಂ. ಹಡದವ್ವನ ಸೆರಗು ನನಗ ಕಾಣ್ಲಿಲ್ಲ,” ಎಂದರು ಗೌಡರು.

ಅವರು ಹೋದ ಮೇಲೆ ವಿನುತಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. “ಮೊದಲನೇದರಲ್ಲಿ ಅವರಮ್ಮ ಇದ್ರೋ ಇಲ್ವೋ. ಇನ್ನು ಯಾರಿಗೆ ಗೊತ್ತಾಗುತ್ತೆ ಬಿಡಮ್ಮ,” ಎಂದಳು. ಲಲಿತಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಿದರು. ಸೆರಗಿನ ಮಾತು ಎತ್ತಿದ್ದು ತಾವೇ ಎಂದು ಅವರು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಮುಂದಿನ ಸೋಮವಾರ ಅವಳು ಊಟದ ಡಬ್ಬಿ ಕಟ್ಟಿಕೊಂಡು ಆಸ್ಪತ್ರೆಯ ಕೆಲಸಕ್ಕೆ ಹೋದಳು.

ಕೆಲವು ವಾರಗಳ ಮೇಲೆ ಲಲಿತಮ್ಮ ಸಾಮಾನಿನ ಪಟ್ಟಿ ಬರೆಯಲು ಕಾಗದ ಹುಡುಕಿ, ನೀಲವ್ವನನ್ನು ಮೊದಲು ಬರೆದ ಆ ಚಿತ್ರಪುಸ್ತಕ ತಂದು ಒಲೆಯ ಪಕ್ಕ ಬಿಚ್ಚಿದರು. ಹಾಳೆ ಖಾಲಿಯಿತ್ತು. ‘ತೊಗರಿಬೇಳೆ’ ಎಂದು ಬರೆಯುವಾಗ ಪೆನ್ಸಿಲ್ ಯಾವುದೋ ತಗ್ಗಿಗೆ ಸಿಕ್ಕಿ ತಡೆಯಿತು. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದರು. ಹರಿದು ತೆಗೆದ ಮೇಲಿನ ಹಾಳೆಯಲ್ಲಿ ವಿನುತಾ ಒತ್ತಿ ಬರೆದ ಮೊದಲ ಗೆರೆಗಳೆಲ್ಲ ಬಣ್ಣವಿಲ್ಲದೆ ಇಲ್ಲಿ ಉಳಿದಿದ್ದವು. ಸಣ್ಣ ಕಣ್ಣು, ಮಾತು ನುಂಗಿದ ತುಟಿ, ಬಲಹೆಗಲಿನ ಸೆರಗು. ಕಪ್ಪನ್ನು ಅಳಿಸಬಲ್ಲೆ, ತಗ್ಗನ್ನು ಅಳಿಸಲಾರೆ. ನನ್ನ ಬಾಳಿನಲ್ಲಿ ನನಗೆ ಸಮಾಧಾನ ಕೊಟ್ಟ ಸೋಲು ಅದೊಂದೇ.

ಲಲಿತಮ್ಮನಿಗೆ ತಮ್ಮ ‘ತೊಗರಿಬೇಳೆ’ಯನ್ನು ಅಳಿಸಬೇಕೆನಿಸಿತು. ಸಾಸಿವೆ ಡಬ್ಬಿ ಸರಿಸಿ ನನ್ನನ್ನು ಎತ್ತಿಕೊಂಡರು. ಹಾಳೆಯ ಹತ್ತಿರ ತಂದು ನಿಂತರು. ಆಮೇಲೆ ನನ್ನನ್ನು ಇದ್ದಲ್ಲೇ ಇಟ್ಟರು. ತೊಗರಿಬೇಳೆ ಸಮೇತ ಆ ಹಾಳೆಯನ್ನು ಮಗಳ ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ಪೆನ್ಸಿಲ್ ಇಟ್ಟರು.

ಸಂಜೆ ವಿನುತಾ ಬಂದದ್ದು ಕೇಳಿಸಿತು. ಕಿಟಕಿ ಪೂರ್ತಿ ತೆರೆದ ಸದ್ದು ಕೇಳಿಸಿತು. ಆಮೇಲೆ ಹಾಳೆಯನ್ನು ಬೆಳಕಿಗೆ ಓರೆ ಮಾಡಿದ ಸರಸರ ಕೇಳಿಸಿತು. ಕೊನೆಗೆ ಅವಳು ಒಳಗೆ ಬಂದು, “ಅವರಮ್ಮ ಇದ್ರು ಕಣಮ್ಮ,” ಎಂದಳು, ಅಷ್ಟೇ. ಮುಖ ತೊಳೆಯಲು ಹೋದಳು.

ಇದಾಗಿ ಎರಡು ತಿಂಗಳಾಯಿತು. ಅವಳು ಆಸ್ಪತ್ರೆಗೆ ಹೋಗುತ್ತಲೇ ಇದ್ದಾಳೆ. ಹಾಳೆ ಮೇಜಿನ ಮೇಲೆಯೇ ಇದೆ. ಲಲಿತಮ್ಮ ದಿನವೂ ಧೂಳು ಒರೆಸುವಾಗ ಪೆನ್ಸಿಲ್ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಾರೆ. ನಾನು ಸಾಸಿವೆ ಡಬ್ಬಿಯ ಹಿಂದೆ, ಅಷ್ಟೂ ಮುಖಗಳ ಕಪ್ಪು ಮೆತ್ತಿಕೊಂಡು ಗಟ್ಟಿಯಾಗುತ್ತಿದ್ದೇನೆ. ಈಗ ಉಜ್ಜಿದರೆ ಕಾಗದ ಹರಿದೀತು. ಅವಳು ಮತ್ತೆ ಬರೆಯಲು ಕೂತರೂ ನನ್ನನ್ನು ಹುಡುಕದಿರಲಿ.