ಮಗ್ಗದಲ್ಲಿ ಉಳಿಸಿದ ಎಳೆ

ನಮ್ಮ ಬನಹಟ್ಟಿಯಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದರೂ ಮಗ್ಗವನ್ನು ಬರಿದು ಮಾಡುವುದಿಲ್ಲ. ಮೊಳದಷ್ಟು ಹಳೆಯ ಎಳೆ ಅದರಲ್ಲೇ ಉಳಿಯಬೇಕು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಗಂಟು ಹಾಕಿ ಕೆಚ್ಚಿದರೆ ನೇಯ್ಗೆ ಮುಂದುವರಿಯುತ್ತದೆ. ಆ ತುದಿಗೆ ಯಾರೂ ಕತ್ತರಿ ತಾಗಿಸುವುದಿಲ್ಲ. ನಮ್ಮದೂ ಮಗ್ಗದ ಮನೆಯೇ, ಆದರೆ ಕೆಚ್ಚುವುದರಲ್ಲಿ ನೆರೆಮನೆಯ ಅನಸವ್ವನ ಕೈ ಯಾರಿಗೂ ಬರುವುದಿಲ್ಲ.

ಸೀರೆ ಕೇಳುವವರಿಲ್ಲದೆ ಅವಳ ಗಂಡ ರಾಮಲಿಂಗಪ್ಪ ಮಗ ಮಲ್ಲಿನಾಥನನ್ನು ಮಿಲಿಟರಿಗೆ ಸೇರಿಸಲು ಹೊರಟಿದ್ದ. ಮಗನನ್ನು ಕಳಿಸುವುದು ಬೇಡವೆಂದು ಅನಸವ್ವ ಊಟ ಬಿಟ್ಟು ಕೂತಿದ್ದಳು. ಅಷ್ಟರಲ್ಲಿ ಗಡಿಯಲ್ಲಿ ಗುಂಡು ಹಾರಿತು. ವ್ಯಾಪಾರಿ ಮುರಗೆಪ್ಪ ಸೈನ್ಯಕ್ಕೆ ಬ್ಯಾಂಡೇಜ್ ಬಟ್ಟೆ ನೇಯುವ ಆರ್ಡರ್ ತಂದ. ಮಗ್ಗ ಬಿಡುವಿಲ್ಲದೆ ಬಡಿಯಿತು, ಮಲ್ಲಿನಾಥ ಮನೆಯಲ್ಲೇ ಉಳಿದ. ಟಿವಿಯಲ್ಲಿ ಕೋಟು ಹಾಕಿದವನೊಬ್ಬ, ಸೈನ್ಯಕ್ಕೆ ಖರ್ಚು ಮಾಡಿದಷ್ಟೂ ದೇಶ ಬೆಳೆಯುತ್ತದೆ ಎಂದ.

"ಖರೆ ಹೇಳಿದ ನೋಡ," ಎಂದ ರಾಮಲಿಂಗಪ್ಪ. "ನಮ್ಮ ಮನಿ ನೋಡಿದ್ರ ತಿಳಿಯೂದಿಲ್ಲೇನ?"

ಅನಸವ್ವನೂ ನಕ್ಕಳು. ಆ ಬಟ್ಟೆ ಯಾರ ಗಾಯಕ್ಕೆ ಎಂದು ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಟ್ಟೆ ತುಂಬಿದಾಗ ಅಂಥ ಮಾತು ಯಾರಿಗೆ ಬೇಕು?

ಗುಂಡು ನಿಂತಿತು, ಆರ್ಡರೂ ನಿಂತಿತು. ಮಲ್ಲಿನಾಥ ಭರ್ತಿಯಾಗಿ, ತರಬೇತಿ ಮುಗಿಸಿ ಗಡಿಗೆ ಹೋದ. ಮಗ್ಗದಲ್ಲಿ ಬ್ಯಾಂಡೇಜಿನ ಬಿಳಿ ಎಳೆಗಳಷ್ಟೇ ಉಳಿದವು. ಅನಸವ್ವ ದಿನಾ ಅವುಗಳ ಧೂಳು ಝಾಡಿಸುತ್ತಿದ್ದಳು.

ಮೊನ್ನೆ ನಾನು ಅವರ ಮನೆಯಲ್ಲಿದ್ದಾಗ ಮುರಗೆಪ್ಪ ಮುಖ ಅರಳಿಸಿಕೊಂಡು ಬಂದ. "ಕಾಕಾ, ಗಡಿ ಮತ್ತ ಬಿಸಿ ಆಗೇತ್ರಿ. ಈ ಸಲ ಆರ್ಡರ್ ಡಬಲ್!"

"ಛಲೋ ಆತು!" ರಾಮಲಿಂಗಪ್ಪ ಲಗುಬಗೆಯಿಂದ ಎದ್ದು ಹೆಂಡತಿಯ ಕಡೆ ನೋಡಿದ. "ಏ, ಇವತ್ತ ಕೆಚ್ಚಾಕ ಕುಂದ್ರ."

ಅನಸವ್ವ ಮುರಗೆಪ್ಪನ ಕಡೆ ತಿರುಗಿದಳು. "ಡಬಲ್ ಅಂದ್ರ ಎಷ್ಟ ಮಂದಿ ಗಾಯಕ್ಕೋ ತಮ್ಮಾ? ನನ್ನ ಮಗನ್ನೂ ಹಿಡದ ಲೆಕ್ಕ ಹಾಕ್ಯಾರೇನ?"

ಅವಳು ಕತ್ತರಿ ತಗೊಂಡು ಮಗ್ಗದ ಹತ್ತಿರ ಹೋದಳು. ಕೆಲಸಕ್ಕೆ ಕೂರುತ್ತಾಳೆ ಎಂದೇ ಎಲ್ಲರೂ ಅಂದುಕೊಂಡೆವು. ಅವಳು ಉಳಿದಿದ್ದ ಎಳೆಗಳನ್ನೆಲ್ಲ ಕತ್ತರಿಸಿ, ಹಿಡಿ ಹಿಡಿಯಾಗಿ ಎಳೆದು ಹಾಕಿದಳು.

"ಹುಚ್ಚ ಹಿಡದೈತೇನ ನಿನಗ?" ರಾಮಲಿಂಗಪ್ಪ ಕೂಗಿದ.

"ಮಗನ ಗಾಯದ ಬಟ್ಟಿ ನನ್ನ ಮನ್ಯಾಗ ನೇಯೂದ ಬ್ಯಾಡ್ರಿ."

ಇನ್ನು ಹೊಸ ಎಳೆಗಳನ್ನೆಲ್ಲ ಒಂದೊಂದಾಗಿ ಮಗ್ಗದ ಕಣ್ಣುಗಳಲ್ಲಿ ಮೊದಲಿನಿಂದ ಪೋಣಿಸಬೇಕು, ಅದಕ್ಕೆ ದಿನಗಟ್ಟಲೆ ಬೇಕು. ಮುರಗೆಪ್ಪನಿಗೆ ಅಷ್ಟು ಪುರಸೊತ್ತಿಲ್ಲ. ಅಲ್ಲಿಂದ ಎದ್ದವನು ನೇರ ನಮ್ಮ ಮನೆಗೆ ಬಂದ. ನನ್ನ ಮಕ್ಕಳು ಇನ್ನೂ ಸಾಲೆಗೆ ಹೋಗುವವರು. ಆ ಆರ್ಡರಿಗೆ ನಾನು ಹ್ಞೂಂ ಅಂದೆ.

ಎರಡು ಮನೆಗೂ ನಡುವೆ ಒಂದೇ ಗೋಡೆ. ನನ್ನ ಮಗ್ಗದ ಸದ್ದು ಅನಸವ್ವನಿಗೆ ಕೇಳಿಸುತ್ತಲೇ ಇರುತ್ತದೆ.